ಕೊಟ್ಟಿಗೆಯಲ್ಲಿ ಇಂಗ್ಲಿಷ್ ಮಾತು ಕಟ್ಟುವ ಗೋಪಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾಯಚೂರು ಕೋಟೆಯ ಒಳಗಿನ ಓಣಿಯೊಂದರಲ್ಲಿ, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕೂತು ಗೋಪಮ್ಮ ಕೆಂಪು ದಾರದ ಗಂಟು ಬಿಚ್ಚುತ್ತಿದ್ದಾರೆ. ಕೊಟ್ಟಿಗೆಯಲ್ಲಿ ದನವಿಲ್ಲ. ಮೇವು ಹಾಕುವ ಗೋದಲಿಯ ಉದ್ದಕ್ಕೂ ಕಾಗದದ ಕಟ್ಟುಗಳು ಸಾಲಾಗಿ ನಿಂತಿವೆ. ಒಂದೊಂದು ಕಟ್ಟು ಒಂದೊಂದು ಇಂಗ್ಲಿಷ್ ಮಾತು. ಆ ಮಾತು ಹುಟ್ಟಿದಾಗ ಅದಕ್ಕೆ ಏನು ಅರ್ಥವಿತ್ತು, ಇನ್ನೂರು ವರ್ಷದ ಮೇಲೆ ಏನಾಯಿತು, ಈಗ ಏನಾಗಿದೆ ಎಂದು ಚೀಟಿ ಚೀಟಿಯಾಗಿ ಬರೆದಿಟ್ಟಿದೆ. ಹಳೆಯದು ಕೆಳಗೆ, ಹೊಸದು ಮೇಲೆ. ಕಟ್ಟುಗಳು ಆರುನೂರ ಹನ್ನೆರಡು; ಚೀಟಿಗಳು ನಾಲ್ಕು ಸಾವಿರದ ಮುನ್ನೂರಕ್ಕೆ ಸ್ವಲ್ಪ ಹೆಚ್ಚು. ಇವನ್ನೆಲ್ಲ ಒಣಗಿಸಿ, ಜೋಡಿಸಿ, ಕಟ್ಟಿ ಕಾಯುತ್ತಿರುವ ಗೋಪಮ್ಮನವರಿಗೆ ಇಂಗ್ಲಿಷ್ ಬರುವುದಿಲ್ಲ. ಕನ್ನಡ ಅಕ್ಷರವೂ ಬರುವುದಿಲ್ಲ.

ಎದುರಿಗೆ ಕುರ್ಚಿಯಲ್ಲಿ ಕೂತಿರುವವರು ಆ ಚೀಟಿಗಳನ್ನು ಬರೆದ ವಿಠ್ಠಲರಾಯರು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಈಗ ಎರಡೂ ಕಣ್ಣು ಹೋಗಿವೆ. ಅವರ ಪಕ್ಕದಲ್ಲಿ ಲಾಟೀನಿನ ಬೆಳಕಿಗೆ ಚೀಟಿ ಹಿಡಿದವರು ನಬೀಸಾಬ್, ಮಾಸ್ತರರ ಹಳೆಯ ವಿದ್ಯಾರ್ಥಿ, ಸ್ಟೇಷನ್ನಿನಲ್ಲಿ ಪಾರ್ಸಲ್ ಗುಮಾಸ್ತ. ಅವರ ಡ್ಯೂಟಿ ಎಂಟಕ್ಕೆ. ಅದಕ್ಕೆ ಮುಂಚೆ ದಿನಾ ಒಂದೂವರೆ ತಾಸು ಇಲ್ಲಿಗೆ ಬಂದು ಕ್ರಮ ತಪ್ಪಿದ ಚೀಟಿಗಳನ್ನು ಓದಿಕೊಡುತ್ತಾರೆ. ನಬೀಸಾಬ್ ಓದುತ್ತಾರೆ, ಮಾಸ್ತರರು ತಲೆ ತಗ್ಗಿಸಿ ಕೇಳಿ "ಹಳೇದು" ಎನ್ನುತ್ತಾರೆ, ಇಲ್ಲವೆ "ನಮ್ಮದು" ಎನ್ನುತ್ತಾರೆ. ಹಳೆಯದಾದರೆ ಗೋಪಮ್ಮ ಚೀಟಿಯನ್ನು ಕಟ್ಟಿನ ಒಳಗೆ ಅದರ ಜಾಗಕ್ಕೆ ಸೇರಿಸುತ್ತಾರೆ, ನಮ್ಮದಾದರೆ, ಅಂದರೆ ರಾಯಚೂರಿನ ಈಗಿನ ಬಳಕೆಯಾದರೆ, ಮೇಲಿಡುತ್ತಾರೆ. ದಿನಕ್ಕೆ ಹದಿನಾಲ್ಕೋ ಹದಿನೈದೋ ಚೀಟಿ ಆಗುತ್ತವೆ. ಒಂದು ತಿಂಗಳಿಂದ ಹೀಗೇ ನಡೆದಿದೆ. ಇವತ್ತಿಗೆ ಉಳಿದಿರುವುದು ಹದಿನೇಳು.

ಹತ್ತು ಗಂಟೆಗೆ ಒಬ್ಬರು ಪ್ರಾಧ್ಯಾಪಕರು ಬರುವವರಿದ್ದಾರೆ. ಕಟ್ಟುಗಳು ಸರಿಯಾಗಿವೆ ಎಂದು ಅವರಿಗೆ ಅನ್ನಿಸಿದರೆ ತಮ್ಮ ಕಾಲೇಜಿಗೆ ಒಯ್ಯುತ್ತಾರೆ. ಇಲ್ಲವಾದರೆ ಇವು ಬಚ್ಚಲ ಒಲೆಗೆ. ಮಾಸ್ತರರ ಹೆಂಡತಿ ತುಳಸಿಬಾಯಿಯವರು ಇದನ್ನು ಸಿಟ್ಟಿನಿಂದ ಹೇಳಿದ್ದಲ್ಲ. ಓದುವವರಿಲ್ಲದ ಕಾಗದ ಗೆದ್ದಲಿಗೆ ಹೋಗುವುದಕ್ಕಿಂತ ನೀರಾದರೂ ಕಾಯಲಿ ಎಂದಷ್ಟೇ ಅಂದರು. ಕೊಟ್ಟಿಗೆಗೆ ಆಕಳು ಬರುವುದಿದೆ. ಮುದುಕರಿಬ್ಬರಿಗೂ ಹಾಲು ಬೇಕು.

ಚೀಟಿಗಳ ಕ್ರಮ ಕೆಡಿಸಿದ್ದು ತಾನೇ ಎಂದು ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಕೇಳುವ ಮೊದಲೇ ಗೋಪಮ್ಮ ಹೇಳುತ್ತಾರೆ. "ತಪ್ಪು ನಂದ್ರಿ. ಹಂಗಂತ ತಿಳೀದ ಮಾಡಿದ್ದಲ್ಲ. ತಿಳಕೊಂಡೇ ಮಾಡೀನಿ, ಆ ತಿಳುವಳಿಕೀನೇ ತಪ್ಪಾಗ್ಯಾದ."

ಅವರ ಗಂಡ ಮಲ್ಲಯ್ಯ ಕಚೇರಿಯ ದಫ್ತರಖಾನೆಯಲ್ಲಿ ಕಾಗದದ ಗಂಟು ಕಟ್ಟುವ ಕೆಲಸದಲ್ಲಿದ್ದರು. ಗಂಡನಿಗೆ ಬುತ್ತಿ ಒಯ್ದಾಗ ಗೋಪಮ್ಮ ಬಾಗಿಲ ಹೊರಗೆ ಕೂತು ನೋಡುತ್ತಿದ್ದರು. ಗಂಟಿನ ಮೇಲೆ ವರ್ಷ ಬರೆದಿರುತ್ತಿತ್ತು. ವರ್ಷಕ್ಕೊಂದು ಗಂಟು, ಹೊಸದು ಯಾವಾಗಲೂ ಮೇಲೆ. ಹೀಗೆ ನೋಡುತ್ತ ನೋಡುತ್ತ ಉರ್ದು ಅಂಕಿ ಕಲಿತರು. ಗಂಡ ತೀರಿಕೊಂಡ ಮೇಲೆ ಸ್ಟೇಷನ್ನಿನ ಗೂಡ್ಸ್ ಅಂಗಳದಲ್ಲಿ ಕಸ ಹೊಡೆಯುವಾಗ ವ್ಯಾಗನ್ ನೋಡಿ ಇಂಗ್ಲಿಷ್ ಅಂಕಿ ಕಲಿತರು. ಅಂಕಿ ಬಲ್ಲ ಹೆಂಗಸು ಎಂದು ಅವರನ್ನು ಮಾಸ್ತರರ ಮನೆಗೆ ಕಳಿಸಿದವರು ಇದೇ ನಬೀಸಾಬ್. ಅದಾಗಿ ಹದಿನಾರು ವರ್ಷ.

ಚೀಟಿಗಳು ಕೊಟ್ಟಿಗೆಗೆ ಬಂದದ್ದು ಯಾಕೆ ಎಂಬುದಕ್ಕೂ ಕಾರಣವಿದೆ. ಇಂಗ್ಲಿಷಿನವರು ತಿನ್ನುವುದು ಕುಡಿಯುವುದು ಎಲ್ಲ ಬರೆದ ಕಾಗದ ಮಡಿಯ ಮನೆಯೊಳಗೆ ಬೇಡವೆಂದು ತುಳಸಿಬಾಯಿ ಮೊದಲ ದಿನವೇ ಹೇಳಿದ್ದರು. ಗೋಪಮ್ಮನವರಿಗೂ ಮನೆಯೊಳಗೆ ಪ್ರವೇಶವಿರಲಿಲ್ಲ, ಈಗಲೂ ಇಲ್ಲ. ಹೊಸ್ತಿಲ ಹೊರಗಿನವೆರಡೂ ಹೀಗೆ ಒಂದು ಕಡೆ ಕೂಡಿದವು. ಮಾಸ್ತರರು ತಮ್ಮ ಕುರ್ಚಿಯನ್ನೂ ಅಲ್ಲಿಗೇ ತಂದು ಹಾಕಿಕೊಂಡರು. ಚೀಟಿ ಬರೆಯುವಾಗ ಅದರಲ್ಲಿ ಏನಿದೆ ಎಂದು ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತ ಬರೆಯುವುದು ಅವರ ರೂಢಿ. ಹಾಗೆ ಹೇಳಬೇಕಾದದ್ದೇನೂ ಇರಲಿಲ್ಲ. ಕೇಳುವವರು ಒಬ್ಬರು ಅಲ್ಲಿದ್ದಾರೆಂದು ಹೇಳುತ್ತಿದ್ದರು.

ಕೇಳಿದ್ದೆಲ್ಲ ಗೋಪಮ್ಮನವರ ತಲೆಯಲ್ಲಿ ಇದೆ. ಇಂಗ್ಲಿಷರ ನಾಡನ್ನು ಒಮ್ಮೆ ಫ್ರೆಂಚ್ ಆಡುವ ರಾಜರು ಗೆದ್ದುಕೊಂಡರಂತೆ. ಅಂದಿನಿಂದ ಕುರಿ ಕಾಯುವವನ ಬಾಯಲ್ಲಿ ಅದು 'ಶೀಪ್', ಊಟಕ್ಕೆ ಕೂತ ಒಡೆಯನ ಬಾಯಲ್ಲಿ 'ಮಟನ್'. ಇದನ್ನು ಕೇಳಿ ನನಗೆ ಆಶ್ಚರ್ಯವಾಯಿತು. ಕಾಲೇಜಿನಲ್ಲಿ ಇಂಗ್ಲಿಷ್ ಓದಿದ ನಾನು ಎರಡೂ ಮಾತನ್ನು ಐವತ್ತು ವರ್ಷದಿಂದ ಆಡುತ್ತಿದ್ದೇನೆ, ಹೀಗೆಂದು ಯೋಚಿಸಿರಲಿಲ್ಲ. ಗೋಪಮ್ಮನವರಿಗೆ ಆಶ್ಚರ್ಯವಿಲ್ಲ. "ಅದರಾಗೇನದ ರೀ? ನಮ್ಮಲ್ಲಿ ಉಳುವಾಗ ಹೊಲ, ಕಚೇರಿಗೆ ಹೋದ್ರ ಜಮೀನು. ಅದೇ ಮಣ್ಣು."

'ಲೇಡಿ' ಎಂದರೆ ಮೊದಲಿಗೆ ರೊಟ್ಟಿಯ ಹಿಟ್ಟು ನಾದುವವಳು ಎಂಬುದು ಅವರಿಗೆ ಬಹಳ ಇಷ್ಟವಾದ ಕಟ್ಟು. 'ವಿಲನ್' ಎಂಬ ಕಟ್ಟಿನ ಬಗ್ಗೆ ಮಾತ್ರ ಇನ್ನೂ ಸಮಾಧಾನವಿಲ್ಲ. "ಒಡೆಯರ ಹೊಲದಾಗ ದುಡಿಯಾಂವಗ ಮೊದ್ಲು ಹಂಗಂತಿದ್ರಂತ. ಬರ್ತಾ ಬರ್ತಾ ಕೆಟ್ಟಾಂವ ಅಂತಾತು. ಆಂವ ಏನ್ ಕೆಟ್ಟದ್ದು ಮಾಡಿದ್ದ ಅಂತ ಕೇಳಿದ್ನಿ. ಮಾಸ್ತರ್ರು ಮುಂದಿನ ಚೀಟಿ ತಗೊಂಡ್ರು."

ಹೋದ ವರ್ಷದ ಮಳೆಗಾಲದಲ್ಲಿ ನಿಜಾಮನ ಆಳ್ವಿಕೆಯ ಕೊನೆಯ ಗಲಭೆಗಳಿಂದ ಊರಲ್ಲಿ ಭಯ ಹೆಚ್ಚಾದಾಗ ಮಾಸ್ತರರ ಮನೆಯವರು ಗೋಪಮ್ಮನವರನ್ನೂ ಕರೆದುಕೊಂಡು ರಾಯಚೂರು ಬಿಟ್ಟು ಮೊದಲು ದೇವದುರ್ಗಕ್ಕೆ, ಅಲ್ಲಿಯೂ ನಿಲ್ಲಲಾಗದೆ ಮಾನ್ವಿಗೆ ಹೋದರು. ಪಾತ್ರೆಗಳನ್ನು ಬಿಟ್ಟರು, ಹಾಸಿಗೆ ಬಿಟ್ಟರು, ಚೀಟಿಗಳನ್ನು ಬಿಡಲು ಮಾಸ್ತರರು ಒಪ್ಪಲಿಲ್ಲ. ಕರೆದೊಯ್ದದ್ದು ಅಮೀರ್ ಸಾಬ್ ಎಂಬುವವರ ಬಂಡಿ. ದೇವದುರ್ಗ ದಾಟಿ ಒಂದು ಹಳ್ಳದಲ್ಲಿ ಬಂಡಿ ವಾಲಿ ಚೀಟಿ ತುಂಬಿದ ಮೂರೂ ಚೀಲ ನೀರಿಗೆ ಬಿದ್ದವು. ಅಮೀರ್ ಸಾಬರು ಎದೆಮಟ್ಟದ ನೀರಿಗಿಳಿದು ಮೂರನ್ನೂ ಎತ್ತಿ, ತಮ್ಮ ಕಂಬಳಿಯನ್ನು ಚೀಲಗಳ ಮೇಲೆ ಹೊದಿಸಿ, ತಾವು ಮಾನ್ವಿಯವರೆಗೆ ತೋಯಿಸಿಕೊಂಡು ಬಂಡಿ ಹೊಡೆದರು. ಅಂಥ ದಿನಗಳಲ್ಲಿ ಯಾರು ಯಾರಿಗೆ ಹೆದರಬೇಕೆಂದೇ ತಿಳಿಯುತ್ತಿರಲಿಲ್ಲ ಎಂದು ತುಳಸಿಬಾಯಿ ಹೇಳುತ್ತಾರೆ. ಆ ಕಂಬಳಿಯ ಮಾತು ಬಂದಾಗ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾರೆ.

ಮಾನ್ವಿಯಲ್ಲಿ ಬಂಧುಗಳ ಮನೆಯ ಮಾಳಿಗೆಯ ಮೇಲೆ, ಮೆಣಸಿನಕಾಯಿ ಹರವಿದ ಹಾಗೆ, ನಾಲ್ಕು ಸಾವಿರ ಚೀಟಿ ಹರವಿ ಒಂದೊಂದರ ಮೇಲೆ ಒಂದೊಂದು ಹರಳು ಇಟ್ಟವರು ಗೋಪಮ್ಮ. ದಾರ ಹರಿದು ಎಲ್ಲವೂ ಕಲೆತುಹೋಗಿದ್ದವು. ನೀರು ಕುಡಿದು ಎಲ್ಲ ಚೀಟಿಯ ಬಣ್ಣವೂ ಒಂದೇ ಆಗಿತ್ತು. ಮೂರನೆಯ ದಿನ ಗೋಪಮ್ಮನವರಿಗೆ ಜ್ವರ ಬಂತು. ಚೀಟಿ ತಿರುವಿಹಾಕಲು ಯಾರೂ ಇರಲಿಲ್ಲ. ಆಗ ಮಾಳಿಗೆ ಹತ್ತಿದವರು ತುಳಸಿಬಾಯಿ. ಎಲ್ಲವನ್ನೂ ತಮ್ಮ ಕೈಯಿಂದ ಮುಟ್ಟಿ ತಿರುವಿದರು, ಇಳಿದು ಬಂದು ತಲೆಗೆ ನೀರು ಹಾಕಿಕೊಂಡರು. ಮರುದಿನ ಮತ್ತೆ ಹತ್ತಿದರು, ಮತ್ತೆ ನೀರು ಹಾಕಿಕೊಂಡರು. ನಾಲ್ಕು ದಿನ ಹೀಗೆ ಮಾಡಿದರು.

ಮಾಸ್ತರರಿಗೆ ಆಗಲೇ ಕಣ್ಣು ಕಾಣುತ್ತಿರಲಿಲ್ಲ; ಜ್ವರ ಬಿಟ್ಟ ಮೇಲೆ ಗೋಪಮ್ಮ ಒಬ್ಬರೇ ಜೋಡಿಸಲು ಕೂತರು. ಚೀಟಿಯ ಎಡಮೂಲೆಯಲ್ಲಿ ಕೆಂಪು ಶಾಯಿಯಿಂದ ಮಾತು ಬರೆದಿದೆ. ಅದರ ಆಕಾರ ನೋಡಿ ಒಂದೇ ತರಹದವನ್ನು ಒಂದು ಕಡೆ ಹಾಕಿದರು. ಇದಕ್ಕೇ ಎರಡು ತಿಂಗಳು ಹಿಡಿಯಿತು, ಒಂದೂ ತಪ್ಪಲಿಲ್ಲ. ಆಮೇಲೆ ಬಲಮೂಲೆಯ ವರ್ಷ ನೋಡಿ ಹಳೆಯದು ಕೆಳಗೆ, ಹೊಸದು ಮೇಲೆ ಇಟ್ಟು ಕಟ್ಟಿದರು. ತಪ್ಪಿದ್ದು ಇಲ್ಲಿ.

ಇದನ್ನು ನನಗೆ ಮೂರು ಸಲ ಹೇಳಿದ ಮೇಲೆ ತಿಳಿಯಿತು, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ನಿಜಾಮ ಸರ್ಕಾರದ ನಾಡಿನಲ್ಲಿ ಕಚೇರಿ, ಶಾಲೆ, ಹೊಲದ ಕಾಗದ ಎಲ್ಲಕ್ಕೂ ಫಸಲಿ ವರ್ಷ. ಅದು ಇಸವಿಗಿಂತ ಸುಮಾರು ಐನೂರ ತೊಂಬತ್ತು ಕಡಿಮೆ. ಇಸವಿ 1949 ನಡೆದಿರುವಾಗ ಫಸಲಿಯಲ್ಲಿ ನಾವು 1358ರಲ್ಲಿ ಇದ್ದೇವೆ. ಮಾಸ್ತರರು ಇಂಗ್ಲೆಂಡಿನ ಹಳೆಯ ಅರ್ಥಗಳಿಗೆ ಇಸವಿ ಹಾಕುತ್ತಿದ್ದರು. ಆದರೆ ಕೆಲವು ಕಟ್ಟುಗಳ ತುದಿಗೆ, ಆ ಮಾತು ಈಗ ನಮ್ಮ ರಾಯಚೂರಿನಲ್ಲಿ ಹೇಗೆ ಬಳಕೆಯಲ್ಲಿದೆ ಎಂಬ ಚೀಟಿಯೊಂದನ್ನು ಸೇರಿಸುತ್ತಿದ್ದರು. ಅದಕ್ಕೆ ಮಾತ್ರ, ಶಾಲೆಯ ಹಾಜರಿ ಪುಸ್ತಕ ಬರೆದ ರೂಢಿಯಿಂದ, ಫಸಲಿ ಹಾಕಿದ್ದಾರೆ. ಒಂದರ ಮೇಲೂ ಇದು ಇಸವಿ, ಇದು ಫಸಲಿ ಎಂದು ಬರೆದಿಲ್ಲ. ಬರೆದವರಿಗೆ ಗೊತ್ತಿತ್ತಲ್ಲ.

ಗೋಪಮ್ಮನವರ ಲೆಕ್ಕ ಸರಳವಾಗಿತ್ತು. 1358 ದಾಟಿದ್ದು ಫಸಲಿಯಲ್ಲಿ ಇನ್ನೂ ಬಂದಿಲ್ಲ, ಆದ್ದರಿಂದ ಅದು ರೈಲ್ವೆಯವರ ಇಸವಿ. 1300ರಿಂದ 1358ರವರೆಗಿನದು ತಮ್ಮ ಕಾಲದ್ದು, ಎಲ್ಲಕ್ಕಿಂತ ಹೊಸದು, ಮೇಲಿರಬೇಕು. ದಫ್ತರಖಾನೆಯ ಯಾರನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದರು. ಹೀಗಾಗಿ ಆರುನೂರು ವರ್ಷದ ಹಿಂದಿನ ಇಂಗ್ಲೆಂಡಿನ ಚೀಟಿಗಳು ಇವತ್ತಿನ ರಾಯಚೂರಿನ ಚೀಟಿಗಳ ಜೊತೆ ಕಲೆತು ಕಟ್ಟಿನ ಮೇಲೆ ಬಂದು ಕೂತವು. ಹಳೆಯದೋ ನಮ್ಮದೋ ಎಂದು ನೋಡಿದರೆ ತಿಳಿಯದ ಇಂಥ ಚೀಟಿಗಳು ಒಟ್ಟು ನಾನೂರ ಮೂವತ್ತೆಂಟು.

ಹೋದ ತಿಂಗಳು ಪ್ರಾಧ್ಯಾಪಕರು ಮೊದಲ ಸಲ ಬಂದಾಗ ಪಡಸಾಲೆಯಲ್ಲಿ ಕೂತು 'ನೈಸ್' ಎಂಬ ಕಟ್ಟು ಬಿಚ್ಚಿದರು. ಮೇಲಿನ ಚೀಟಿ, ಅಂದರೆ ಈಗಿನ ಅರ್ಥ: ತಿಳಿಗೇಡಿ. 'ಗರ್ಲ್' ಬಿಚ್ಚಿದರು. ಈಗಿನ ಅರ್ಥ: ಗಂಡಾಗಲಿ ಹೆಣ್ಣಾಗಲಿ, ಯಾವುದೇ ಮಗು. ಮೂರನೆಯದು 'ವಿಲನ್': ಒಡೆಯನ ಹೊಲದಲ್ಲಿ ದುಡಿಯುವವ. ಅವರು ಗಾಬರಿಯಾಗಿ ಮಾಸ್ತರರ ಮುಖ ನೋಡಿದರು. ವಯಸ್ಸಾಯಿತು, ನೆನಪು ಸ್ಥಿರವಿಲ್ಲವೇನೋ, ಇದರಲ್ಲಿ ಯಾವುದನ್ನೂ ನಂಬುವುದು ಕಷ್ಟ ಎಂದು ಮೆತ್ತಗೆ ಹೇಳಿದರು. ಅವರ ಮಾತಿನಲ್ಲಿ ಕರುಣೆ ಇತ್ತು. ಅದಕ್ಕೇ ಅದು ಹೆಚ್ಚು ನೋಯಿಸಿತು. ಏನಾಗಿರಬಹುದೆಂದು ಮಾಸ್ತರರಿಗೆ ಅಷ್ಟರಲ್ಲಿ ಹೊಳೆದಿತ್ತು. ಆದರೂ ಅವರು ಗೋಪಮ್ಮನವರ ಹೆಸರೆತ್ತಲಿಲ್ಲ. ಹೌದು, ವಯಸ್ಸಾಯಿತು ಎಂದರು.

ಅಂಗಳದಲ್ಲಿ ನಿಂತಿದ್ದ ಗೋಪಮ್ಮ ಆಗ ಪಡಸಾಲೆಯ ಮೆಟ್ಟಿಲ ಬುಡಕ್ಕೆ ಬಂದರು. "ಸಾಹೇಬ್ರ, ಮಾಸ್ತರ್ರ ನೆಪ್ಪು ಕೆಟ್ಟಿಲ್ಲ. ಕಟ್ಟಿದಾಕಿ ನಾನು. ಎಲ್ಲಿ ತಪ್ಪಾಗ್ಯಾದ ಹೇಳ್ರಿ, ಬಿಚ್ಚಿ ಕಟ್ತೀನಿ."

ಪ್ರಾಧ್ಯಾಪಕರು ಮುಂಬಯಿ ಪ್ರಾಂತದವರು. ಫಸಲಿ ಎಂದರೆ ಅವರಿಗೆ ಗೊತ್ತಿರಲಿಲ್ಲ. ಊರಿಗೆ ಊರೇ ಬದುಕುತ್ತಿರುವ ವರ್ಷ ಯಾವುದೆಂದು ಅವರಿಗೆ ಬಿಡಿಸಿ ಹೇಳಬೇಕಾಯಿತು. ಹೇಳಿದವರು ಗೋಪಮ್ಮ, ಬೆರಳಿನ ಗೆಣ್ಣು ಎಣಿಸಿ ಎಣಿಸಿ. ಕೊನೆಗೆ ಅವರು ಒಂದು ತಿಂಗಳ ಗಡುವು ಕೊಟ್ಟು ಹೋದರು. ಅಲ್ಲಿಂದ ಈ ಬೆಳಗಿನ ಓದು ಸುರುವಾಯಿತು.

ಓದು ಸುಲಭದ್ದಲ್ಲ. ಮಾಸ್ತರರು ಕೆಲವು ಚೀಟಿಗಳನ್ನು ನಾಲ್ಕು ಸಲ ಓದಿಸುತ್ತಾರೆ. ಒಂದು ಬೆಳಿಗ್ಗೆ ಈಗ ನಡೆದಿರುವುದು ಯಾವ ವರ್ಷವೆಂದು ಚರ್ಚೆ ನಡೆದಾಗ, ಒಳಗಿಂದ ತುಳಸಿಬಾಯಿ ಪಂಚಾಂಗ ನೋಡಿ ಶಕೆ ಸಾವಿರದ ಎಂಟುನೂರ ಎಪ್ಪತ್ತೊಂದು, ವಿರೋಧಿ ಸಂವತ್ಸರ ಎಂದು ಕೂಗಿ ಹೇಳಿದರು. ತಮ್ಮ ಹಿಜರಿಯಲ್ಲಿ ಸಾವಿರದ ಮುನ್ನೂರ ಅರವತ್ತೆಂಟು ಎಂದು ನಬೀಸಾಬ್ ಸೇರಿಸಿದರು. "ನೋಡ ಯವ್ವಾ, ಈ ಕೊಟ್ಟಿಗ್ಯಾಗ ನಾಲ್ಕು ವರ್ಷ ಒಮ್ಮೆಗೇ ನಡ್ಯಾಕತ್ತಾವ. ನಾ ಯಾವ ವರ್ಷದ ಡ್ಯೂಟಿಗೆ ಹೋಗಬೇಕು?" ಎಂದರು. ಗೋಪಮ್ಮ ತಲೆ ಎತ್ತದೆ, ಗಾಡಿ ಯಾವುದರಾಗ ಬರ್ತದೋ ಅದಕ್ಕೆ ಹೋಗು ಎಂದರಂತೆ.

ತುಳಸಿಬಾಯಿ ದಿನಾ ಲಾಟೀನಿಗೆ ಎಣ್ಣೆ ತುಂಬಿಸಿ ಕಟ್ಟೆಯ ಮೇಲೆ ಇಟ್ಟಿರುತ್ತಾರೆ. ಪಕ್ಕದಲ್ಲಿ ಎಲೆಯೊಳಗೆ ಎರಡು ರೊಟ್ಟಿ, ಪುಂಡಿಪಲ್ಯ. ಒಲೆಗೆ ಹಾಕುತ್ತೇನೆಂದವರೂ ಅವರೇ.

ಇವತ್ತಿನ ಹದಿನೇಳರಲ್ಲಿ ಹದಿನಾರು ಮುಗಿದಾಗ ಬಿಸಿಲು ಗೋಡೆಯ ಮೇಲೆ ಬಂದಿದೆ. ಉಳಿದದ್ದು 'ಕ್ಲಾರ್ಕ್' ಕಟ್ಟಿನ ಒಂದು ಚೀಟಿ. ವರ್ಷ 1341. ನಬೀಸಾಬ್ ಓದುತ್ತಾರೆ, ಮಾಸ್ತರರು ಕನ್ನಡದಲ್ಲಿ ಹೇಳುತ್ತಾರೆ: ದೇವರ ಗುಡಿಗೆ ಸೇರಿದವನು, ಓದು ಬರಹ ಬಲ್ಲವನು. ಅಷ್ಟೇ. ಆರುನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಕ್ಲಾರ್ಕ್ ಎಂದರೆ ಪಾದ್ರಿಯ ಕಡೆಯವನು, ಅಕ್ಷರ ಬಲ್ಲವನು. ಹದಿನೇಳು ವರ್ಷದ ಹಿಂದೆ, ಫಸಲಿ 1341ರಲ್ಲಿ, ಇದೇ ಓಣಿಯ ಗುಡಿಯಲ್ಲಿ ಹುಂಡಿಯ ಲೆಕ್ಕ ಬರೆಯಲು ಒಬ್ಬರನ್ನು ಇಟ್ಟುಕೊಂಡಿದ್ದರು. ಜನ ಅವರನ್ನೂ ಕ್ಲಾರ್ಕ್ ಎಂದೇ ಕರೆಯುತ್ತಿದ್ದರು. ಮಾಸ್ತರರು ಯಾರ ಬಗ್ಗೆ ಬರೆದರು?

ಐದು ಸಲ ಓದಿಸಿದರು. ಹಣೆ ಒತ್ತಿಕೊಂಡರು. ಕೊನೆಗೆ, ಯಾವುದೋ ಒಂದು ಕಡೆ ಇಟ್ಟುಬಿಡು, ನಾಲ್ಕು ಸಾವಿರದಲ್ಲಿ ಒಂದನ್ನು ಯಾರು ನೋಡುತ್ತಾರೆ ಎಂದರು. ನಬೀಸಾಬರೂ ಹೌದೆಂದರು, ಅವರಿಗೆ ಡ್ಯೂಟಿಗೆ ಹೊತ್ತಾಗಿತ್ತು.

ಗೋಪಮ್ಮ ಕಟ್ಟನ್ನು ಕೆಂಪು ದಾರದಿಂದ ಕಟ್ಟಿ, ಆ ಒಂದು ಚೀಟಿಯನ್ನು ಒಳಗೂ ಇಡದೆ ಮೇಲೂ ಇಡದೆ, ಬಿಳಿ ದಾರದಿಂದ ಹೊರಗೆ ಬಿಗಿದರು. ಎದುರಿಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಅದೇ. "ಒಮ್ಮೆ ತಿಳಕೊಂಡು ಮಾಡಿ ಕೆಡಿಸೀನಿ, ಯಪ್ಪಾ. ತಿಳೀಲಾರದ್ದನ್ನ ತಿಳಿದಂಗ ಕಟ್ಟೂದು ಬ್ಯಾಡ."

ಹತ್ತೂಕಾಲಿಗೆ ಪ್ರಾಧ್ಯಾಪಕರು ಬರುತ್ತಾರೆ. ಈ ಸಲ ಪಡಸಾಲೆಗೆ ಹೋಗದೆ ನೇರವಾಗಿ ಕೊಟ್ಟಿಗೆಗೇ ಬಂದು, ಕೂಡಲು ಬೇರೆ ಏನೂ ಕಾಣದೆ, ಬೋರಲು ಹಾಕಿದ ಬುಟ್ಟಿಯ ಮೇಲೆ ಕೂರುತ್ತಾರೆ. 'ನೈಸ್' ಬಿಚ್ಚುತ್ತಾರೆ. ತಿಳಿಗೇಡಿ ಎಂಬ ಚೀಟಿ ಕೆಳಗೆ ಹೋಗಿದೆ. ಮೇಲಿನದರಲ್ಲಿ, ರಾಯಚೂರು ಸ್ಟೇಷನ್ನಿನ ಚಹಾದ ಬಗ್ಗೆ ಒಬ್ಬ ಪ್ರಯಾಣಿಕ ಆಡಿದ ಒಳ್ಳೆಯ ಮಾತಿದೆ. ಗೋದಲಿಯ ನಡುವಿನಿಂದ ಹತ್ತು, ತುದಿಯಿಂದ ಹತ್ತು ಕಟ್ಟು ತೆಗೆಸುತ್ತಾರೆ. ತಪ್ಪು ಸಿಗುವುದಿಲ್ಲ. ಎದ್ದು ನಿಲ್ಲುವಾಗ ಅವರ ಕಣ್ಣಿಗೆ ಬಿಳಿ ದಾರ ಬೀಳುತ್ತದೆ.

ಇದೇನೆಂದು ಕೇಳುತ್ತಾರೆ. ಮಾಸ್ತರರು ಕುರ್ಚಿಯ ಕೈ ಹಿಡಿದುಕೊಳ್ಳುತ್ತಾರೆ. ಗೋಪಮ್ಮ ಹೇಳುತ್ತಾರೆ, "ಅದೊಂದು ತಿಳದಿಲ್ರಿ. ಮಾಸ್ತರ್ರಿಗೂ ತಿಳೀವಲ್ದು."

ಪ್ರಾಧ್ಯಾಪಕರು ಚೀಟಿಯನ್ನು ಬೆಳಕಿಗೆ ಹಿಡಿದು ಓದುತ್ತಾರೆ. ತಿರುಗಿಸಿ ಹಿಂದೆ ನೋಡುತ್ತಾರೆ. ಮತ್ತೆ ಓದುತ್ತಾರೆ. ಕನ್ನಡಕ ತೆಗೆದು ಒರೆಸುತ್ತಾರೆ. ಬಹಳ ಹೊತ್ತಾದ ಮೇಲೆ ತಮಗೂ ತಿಳಿಯುತ್ತಿಲ್ಲ ಎನ್ನುತ್ತಾರೆ. ಆಮೇಲೆ ಚೀಟಿಯನ್ನು ಎಲ್ಲಿತ್ತೋ ಅಲ್ಲೇ ಇಟ್ಟು, ಬಿಳಿ ದಾರ ಕಟ್ಟಲು ಬಾರದೆ ಗೋಪಮ್ಮನವರ ಕೈಗೆ ಕೊಡುತ್ತಾರೆ. ಉಳಿದ ಕಟ್ಟುಗಳನ್ನು ತೆರೆದು ನೋಡುವ ಅಗತ್ಯವಿಲ್ಲ, ಗೊತ್ತಿಲ್ಲದ್ದನ್ನು ಹೀಗೆ ಹೊರಗೆ ಕಟ್ಟಿಟ್ಟವರು ಒಳಗೆ ತಪ್ಪು ಬಚ್ಚಿಟ್ಟಿರಲಾರರು, ಎಲ್ಲವನ್ನೂ ಒಯ್ಯುತ್ತೇನೆ ಎಂದು ಮಾಸ್ತರರಿಗೆ ಹೇಳುತ್ತಾರೆ. ಮಾಸ್ತರರು ಕೈ ಚಾಚಿ ಗೋದಲಿಯ ಅಂಚನ್ನು ಸವರುತ್ತಾರೆ.

ಮಧ್ಯಾಹ್ನ ನಾಲ್ಕು ಮರದ ಪೆಟ್ಟಿಗೆಗಳು ಬಂದವು. ಬಚ್ಚಲ ಒಲೆಗೆ ತುಳಸಿಬಾಯಿ ಹತ್ತಿಕಟ್ಟಿಗೆ ತರಿಸಿದರು. ಜೋಡಿಸಿದವರ ಹೆಸರು ಬರೆದುಕೊಳ್ಳಬೇಕು, ಏನೆಂದು ಬರೆಯಲಿ ಎಂದು ಪ್ರಾಧ್ಯಾಪಕರು ಗೋಪಮ್ಮನವರನ್ನೇ ಕೇಳಿದರು. ಗೋಪಮ್ಮ ಪೆಟ್ಟಿಗೆಯ ಮುಚ್ಚಳ ತೋರಿಸಿದರು.

"ಹೆಸರು ಬರೀರಿ, ಬಿಡ್ರಿ, ನಿಮಗ ಬಿಟ್ಟದ್ದು. ಇದರ ಮ್ಯಾಲ ಮಾತ್ರ ಇಸವಿ ಯಾವುದು, ಫಸಲಿ ಯಾವುದು, ಎರಡೂ ದಪ್ಪಗ ಬರೀರಿ. ನಿಮ್ಮ ಕಾಲೇಜಿನಾಗೂ ನನ್ನಂಥಾಕಿ ಒಬ್ಬಾಕಿ ಕಸ ಹೊಡಿಯಾಕ ಬರ್ತಾಳ. ಎಂದಾರ ಒಂದು ದಿನ ಇವು ಬಿದ್ದು ಚೆಲ್ಲತಾವ. ಕಟ್ಟಾಕ ಕುಂತಾಗ ಆಕಿಗೆ ತಿಳೀಬೇಕ್ರಿ."